ಆರು ಮಿಲಿಮೀಟರ್

ಹಲ್ಲಿಂದ ದಾರ ಕಡಿಯಲು ಬಾರದ ದರ್ಜಿ ನಾನು.
ಮೇಲಿನ ಸಾಲು ಕೆಳಗಿನ ಸಾಲನ್ನು
ಇಪ್ಪತ್ತಾರು ವರ್ಷ ಮುಟ್ಟಲಿಲ್ಲ,
ಕೆಳಗಿನದು ಹೊಸಿಲು ದಾಟಿ ಬೀದಿಯಲ್ಲಿ ನಿಂತಿತ್ತು.
"ಮಳೆ ಬಂದ್ರೆ ನಿನ್ ಬಾಯಲ್ಲಿ ಕೆರೆ ತುಂಬುತ್ತೆ ಕಣೇ"
ಅಂದವಳು ಆರನೇ ಕ್ಲಾಸಿನ ಶಶಿರೇಖಾ.
ಈಗ ಅವಳ ರವಿಕೆ ಹೊಲಿಯುವವಳೂ ನಾನೇ.
ತೋಳು ಒಂಚೂರು ಬಿಗಿ ಇಡುತ್ತೇನೆ.

ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು
ಪೆನ್ಸಿಲಿನಲ್ಲಿ ಗೆರೆ ಎಳೆದರು:
ಇಲ್ಲಿ ಕತ್ತರಿಸಿ, ಇಷ್ಟು ಹಿಂದಕ್ಕೆ, ಇಲ್ಲೊಂದು ಸ್ಕ್ರೂ.
ಹೆದರಿಕೆಯಾಗಲಿಲ್ಲ.
ಸಂತೆಪೇಟೆಯ ಅಂಗಡಿಯಲ್ಲಿ ದಿನಾ ನನ್ನದೂ ಅದೇ ಕೆಲಸ,
ಸೀಮೆಸುಣ್ಣ, ಕತ್ತರಿ,
"ಎರಡೂ ಕಡೆ ಒಳಗೆ ಹಿಡೀರಿ, ಜಾಸ್ತಿ ಬೇಡ."
ಆರು ಮಿಲಿಮೀಟರ್ ಅಂದರು.
ಕಾಲಿಂಚು, ಅಂದುಕೊಂಡೆ.

ಎಚ್ಚರಾದಾಗ ಕುತ್ತಿಗೆಯ ಮೇಲೆ
ಯಾರದೋ ಹತ್ತಿ ತುಂಬಿದ ದಿಂಬು.
ಹಲ್ಲಿನ ತಂತಿಗೆ ಹುಕ್ಕು, ಹುಕ್ಕಿಗೆ ರಬ್ಬರು,
ಮೇಲಿಂದ ಕೆಳಕ್ಕೆ, ಕೆಳಗಿಂದ ಓರೆಗೆ.
ಎಷ್ಟು ನೀಟಾಗಿ ಹಾಕಿದ್ದಾರೆ ಅಂತ ಮೊದಲು ಮೆಚ್ಚಿದೆ.
ಅಳು ಆಮೇಲೆ ಬಂತು.

ಹಲ್ಲೂ ಇದೆ, ಕಡಲೆಯೂ ಇದೆ ಈ ಮನೆಯಲ್ಲಿ.
ನಡುವೆ ಬೀಗ.
ಅವ್ವ ರಾಗಿಗಂಜಿಯನ್ನು ಎರಡು ಸಲ
ನನ್ನದೇ ಮಲ್ ಬಟ್ಟೆಯ ಚೂರಿನಲ್ಲಿ ಸೋಸಿ
ಸೂಜಿಯಿಲ್ಲದ ಸಿರಿಂಜಿಗೆ ತುಂಬುತ್ತಾಳೆ.
"ಹಾಸನಾಂಬೆ ಬಾಗ್ಲು ವರ್ಷಕ್ಕೊಂದ್ಸಲನಾದ್ರೂ ತೆಗೀತದೆ,
ನಿನ್ ಬಾಯಿ ಯಾವಾಗವ್ವ?"
ನಗಬಾರದು, ಹೊಲಿಗೆ ಎಳೆಯುತ್ತೆ.
ನಕ್ಕೆ. ಗಂಜಿ ಮೂಗಲ್ಲಿ ಬಂತು.

ತುಟಿಯ ಕೆಳಗೆ ಊರೇ ಮಲಗಿದೆ.
ಸಾರು ಗಲ್ಲದ ಮೇಲೆ ಇಳಿದರೂ ತಿಳಿಯದು,
ಎದೆಯ ಮೇಲಿನ ಹಳದಿ ಕಲೆ ನೋಡಿಯೇ
ಚೆಲ್ಲಿದೆ ಅಂತ ಗೊತ್ತು.

ಪುಣ್ಯಕ್ಕೆ ನಮ್ಮ ಭಾಷೆಯಲ್ಲಿ
ಒಪ್ಪಲು, ಒಲ್ಲೆ ಅನ್ನಲು ಹಲ್ಲು ಬೇಕಿಲ್ಲ.
ಹೂಂ.
ಉಹೂಂ.
ಅವೆರಡರಲ್ಲೇ ನಾಲ್ಕು ವಾರ ಅಂಗಡಿ ನಡೆಯಿತು.
ಜಮೀಲಾಬಿ ನನ್ನೆದುರು ತಾವೂ ಕೈಸನ್ನೆ ಮಾಡುತ್ತ
ಲಂಗದ ಉದ್ದಕ್ಕೆ ಮಂಡಿ ತೋರಿಸಿ, ಪಾದ ತೋರಿಸಿ
ಸುಸ್ತಾದರು.
ಸ್ಲೇಟಿನಲ್ಲಿ ಬರೆದೆ: ಕಿವಿ ಚೆನ್ನಾಗಿದೆ.
ಮಾತು ಬೆಳ್ಳಿ ಅನ್ನುತ್ತಾರೆ, ಮೌನ ಬಂಗಾರ.
ನನ್ನದು ಸ್ಟೀಲು.

ಅಪ್ಪ ಎಪಿಎಂಸಿಯಲ್ಲಿ ಆಲೂಗಡ್ಡೆ ಹರಾಜು ಕೂಗುವವನು.
ಈ ದವಡೆ ಅವನದೇ,
ಅವನು ಕೊಟ್ಟ ಅಳತೆ ರವಿಕೆಯಿಂದ ಕತ್ತರಿಸಿದ್ದು.
ಅದನ್ನೇ ಮುಂದಕ್ಕೆ ಚಾಚಿ
"ಇನ್ನೂರು, ಇನ್ನೂರೈವತ್ತು, ಯಾರ್ರೀ ಮೇಲೆ" ಅಂದರೆ
ಲಾರಿಗಳ ಆಚೆ ಟೀ ಕುಡಿಯುವವರೂ ತಿರುಗುತ್ತಾರೆ.
ಆಪರೇಷನ್ ಆದಮೇಲೆ ಅವನು ನನ್ನೆದುರು ಉಣ್ಣಲಿಲ್ಲ.
ಮೆಟ್ಟಿಲ ಕೆಳಗೆ ನಿಂತು ತಿಂದು,
ಬಾಯಿ ಮುಕ್ಕಳಿಸಿ,
ಕಳ್ಳನ ಹಾಗೆ ಮೇಲೆ ಬರುತ್ತಿದ್ದ.

ಊತ ಇಳಿದ ಒಂದು ಬೆಳಿಗ್ಗೆ
ಅಂಗಡಿಯ ಪರದೆಯ ಹಿಂದೆ, ಕನ್ನಡಿಯ ಮುಂದೆ ಕಂಡೆ.
ಹೆಬ್ಬೆರಳಲ್ಲಿ ಗಲ್ಲ ಒಳಕ್ಕೆ ಒತ್ತಿ ಹಿಡಿದು
ಈ ಮಗ್ಗುಲು, ಆ ಮಗ್ಗುಲು ತಿರುಗಿ
ತನ್ನನ್ನೇ ನೋಡಿಕೊಳ್ಳುತ್ತಿದ್ದ.
ನನ್ನ ನೆರಳು ಕಂಡು ಕೈ ಬಿಟ್ಟ.
ದವಡೆ ಹಳೇ ಜಾಗಕ್ಕೆ ವಾಪಸಾಯಿತು.
"ಗಡ್ಡ ಬೋಳಿಸ್ಬೇಕು" ಅಂದ.
ನಾನು, ಹೂಂ.

ಆರನೇ ವಾರ ರಬ್ಬರು ಬಿಚ್ಚಿದರು, ತಂತಿ ಉಳಿಯಿತು.
ಬಾಯಿ ತೆಗೆಸಿ ಸ್ಕೇಲಿಟ್ಟರು: ಹದಿನೆಂಟು.
ಬಸ್ಸಲ್ಲಿ ಬರುತ್ತ ಇಂಚಿಗೆ ಲೆಕ್ಕ ಹಾಕಿದೆ,
ಮುಕ್ಕಾಲಿಗೂ ಚೂರು ಕಡಿಮೆ,
ದೊಡ್ಡ ಗುಂಡಿಯ ಕಾಜಾದಷ್ಟು.
ಅಪ್ಪ ಜೇಬಿನಿಂದ ಒಂದೇ ಆಲೂಗಡ್ಡೆ ತೆಗೆದ,
ಸಿಪ್ಪೆಗೆ ಇನ್ನೂ ಮಣ್ಣು.
ಬೇಯಿಸಿ, ಉಪ್ಪು ಹಾಕಿ ಹಿಸುಕಿ
ತಟ್ಟೆ ನನ್ನ ಕಡೆ ದೂಡಿ
ಅಂದು ಮೊದಲು ನನ್ನೆದುರು ಕೂತು
ರೊಟ್ಟಿ ಮುರಿದ.
ಆ ಸದ್ದು.

ಗಟ್ಟಿ ಏನೂ ಕಚ್ಚಬೇಡಿ, ಇನ್ನೂ ಮೂರು ತಿಂಗಳು.
ರಾತ್ರಿ ಶಶಿರೇಖಾಳ ರವಿಕೆಗೆ ಕೊನೆಯ ಹುಕ್ಕು ಹಾಕಿ
ದಾರವನ್ನು ಸುಮ್ಮನೆ ಹಲ್ಲುಗಳ ನಡುವೆ ಇಟ್ಟೆ.
ಸಿಕ್ಕಿತು.
ಎಳೆದು ನೋಡಿದೆ, ಜಾರಲಿಲ್ಲ.
ಸ್ವಲ್ಪ ಹೊತ್ತು ಹಾಗೇ ಇದ್ದೆ,
ಫ್ಯಾನು ತಿರುಗುತ್ತಿತ್ತು.
ಆಮೇಲೆ ಕತ್ತರಿ ತಗೊಂಡೆ.