ಎಡಪೆಟ್ಟಿಗೆಯ ಸೊಳ್ಳೆ

ಬಂದರಿನ ಉಪ್ಪುಗಾಳಿಗೆ ಫೋಮು ತಾಳುವುದಿಲ್ಲ.
ಬೆರಳು ತಾಗಿಸಿದ್ದಷ್ಟೆ, ಚಹಾಕ್ಕೆ ಅದ್ದಿದ ರಸ್ಕಿನ ಹಾಗೆ
ಕೋನಿನ ಅಂಚು ಕಳಚಿ ಬಿತ್ತು ಮಡಿಲಿಗೆ.
"ನಲ್ವತ್ತೆರಡು ವರ್ಷ," ಅಂದರು ಬೊನಿಫಾಸ್ ಪೊರ್ಬುಗಳು,
"ಹಡಗಿನಲ್ಲಿ ಬಂದದ್ದು. ಒಂದೊಂದಕ್ಕೆ ಇಬ್ಬಿಬ್ಬರು ಹೊರುವವರು."
ಈಗಲೂ ಇಬ್ಬರು ಬೇಕಾಯಿತು ರಿಕ್ಷಾದಿಂದ ಇಳಿಸಲು.
ಒಬ್ಬ ನಾನು. ಇನ್ನೊಬ್ಬಳು ಸಫೂರಾ,
ಕೆಲಸಕ್ಕೆ ಸೇರಿ ಎಂಟು ತಿಂಗಳು,
ಮೆಣಸಿನ ಮಂಡಿಯ ಹಿಂದಿನ ಈ ಅಂಗಡಿಯಲ್ಲಿ
ದಿನಕ್ಕೆ ನಲ್ವತ್ತು ಸೀನು.

"ಹಳತು ಹಳತಾಗಿಯೇ ಇರಲಿ ಸೇಸಪ್ಪ,
ಆದರೆ ಸ್ವಲ್ಪ ಒಳ್ಳೆಯದಾಗಲಿ."
ಎರಡೂ ಒಟ್ಟಿಗೆ ಹೇಗೆ ಮಾರಾಯ್ರೆ?
ಕೇಳಲಿಲ್ಲ. ಮುಂಗಡ ಎಣಿಸಿಕೊಂಡೆ.

ಒಳಗೆ ಕುಂಬು ಹಿಡಿದ ಉಣ್ಣೆ, ಜಿರಳೆಯ ಸಂಸಾರ,
ಹಲಗೆಯ ಮೂಲೆಗೆ ಒರಲೆ ಹಾಕಿದ ಮಣ್ಣಿನ ರಸ್ತೆ,
ಮತ್ತೆ ದೂರದ ಕಾರ್ಖಾನೆಯ ಯಾರದ್ದೋ
ಪೆನ್ಸಿಲ್ ಸಹಿ. ಅವಸರದ್ದು.
ಶನಿವಾರ ಸಂಜೆ ಹಾಕಿದ್ದೇ ಇರಬೇಕು.
ಅದೊಂದನ್ನು ಒರೆಸಲಿಲ್ಲ.

ಕಪಾಸಿಟರುಗಳನ್ನು ಅಳೆದೆ:
ಮೈಮೇಲೆ ಎಂಟು ಎಂದು ಬರೆದದ್ದು
ಮೀಟರಿನಲ್ಲಿ ಹದಿಮೂರು ತೋರಿಸಿತು.
ವಯಸ್ಸಾದ ಮೇಲೆ ಎಲ್ಲರೂ
ಲೆಕ್ಕ ಸ್ವಲ್ಪ ಹೆಚ್ಚೇ ಹೇಳುವುದು.

ಉಣ್ಣೆಯ ಬದಲು ತೆಂಗಿನ ನಾರು ತುಂಬುವ ಅಂದಳು ಸಫೂರಾ.
ನಗಾಡಿದೆ.
ರಾತ್ರಿ ಅವಳು ಹೋದ ಮೇಲೆ ತುಂಬಿ ನೋಡಿದೆ.
ಮತ್ತೆ ನಗಾಡಲಿಲ್ಲ.

ಕಾಯಿಲು ಕಾಂತದ ಸಂದಿಯಲ್ಲಿ ನಡುಮಧ್ಯ ನಿಲ್ಲಬೇಕು,
ಕೂದಲಷ್ಟು ಓರೆಯಾದರೂ ಜೀವಮಾನವಿಡೀ ಕೆರೆತ.
ಕಪಾಟಿನಲ್ಲಿ ನನ್ನದೊಂದು ಎಕ್ಸ್‌ರೇ ಇತ್ತು,
ನ್ಯುಮೋನಿಯಾದ ವರ್ಷ ಕಂಕನಾಡಿಯಲ್ಲಿ ತೆಗೆಸಿದ್ದು.
ಕತ್ತರಿಸಿದೆ. ಎಡಪಕ್ಕೆಲುಬು ನಾಲ್ಕು ಪಟ್ಟಿ,
ಬಲದ್ದು ನಾಲ್ಕು.
ಸಂದಿಗೆ ಇಳಿಸಿ, ಹೊಸ ಅಂಚಿಗೆ ಅಂಟು ಬಳಿದು ಮಲಗಿದೆ.
ಇಡೀ ರಾತ್ರಿ ನನ್ನ ಎದೆಗೂಡು
ಅಲ್ಲಾಡದ ಹಾಗೆ ಹಿಡಿದುಕೊಂಡಿತ್ತು
ಪೊರ್ಬುಗಳ ಪೆಟ್ಟಿಗೆಯ ಎದೆಯನ್ನು.

ಬೆಳಿಗ್ಗೆ ಪಟ್ಟಿಗಳನ್ನು ಒಂದೊಂದೇ ಎಳೆದು
ಟಾರ್ಚಿನ ಸೆಲ್ಲು ತಾಗಿಸಿದೆ.
ಟಪ್.
ಕೋನು ಮುಂದೆ ಬಂತು, ಕರೆದವರ ಕಡೆಗೆ.

ಕೊಳಲಿನ ತಟ್ಟೆ ಹಾಕಿದೆ. ನನಗೇ ಖುಷಿಯಾಯಿತು.
ಕೊಳಲಿನವನು ಉಸಿರು ಎಳೆದುಕೊಳ್ಳುವುದು,
ಅವನ ಹಿಂದೆ ಯಾರೋ ಚಾಪೆಯಲ್ಲಿ ಕಾಲು ಬದಲಿಸಿದ್ದು.
"ಸೇಸಣ್ಣ, ಎಡಪೆಟ್ಟಿಗೆಯಲ್ಲಿ ಸೊಳ್ಳೆ ಉಂಟು."
ಇಲ್ಲ ಅಂದೆ. ಫ್ಯಾನು ನಿಲ್ಲಿಸಿದೆ. ಕಿವಿ ಇಟ್ಟೆ.
ಇಲ್ಲವೇ ಇಲ್ಲ.
"ಉಂಟು. ಮೇಲಿನ ಸ್ವರ ಬಂದಾಗ ಮಾತ್ರ.
ನಿಮಗೆ ಕೇಳುವುದಿಲ್ವ?"

ಐವತ್ತೊಂಬತ್ತಕ್ಕೆ ಕಿವಿಯ ಮೇಲಿನ ಮಹಡಿಗೆ
ಬೀಗ ಬಿದ್ದಿರುತ್ತದೆ ಎಂದು ಓದಿದ್ದೆ.
ಬೇರೆಯವರ ಕಿವಿಯ ವಿಷಯ ಎಂದುಕೊಂಡಿದ್ದೆ.

ಸಫೂರಾ ಟ್ವೀಟರಿನ ಜಾಲರಿಗೆ ಬೆರಳಿಟ್ಟಳು. "ಈಗ ಇಲ್ಲ."
ತೆಗೆದಳು. "ಉಂಟು."
ಇಟ್ಟಳು. ಇಲ್ಲ.
ಉಂಟು. ಇಲ್ಲ.
ನನಗೆ ಎರಡೂ ಒಂದೇ ಕೊಳಲು.
ಅವಳ ಬೆರಳು ಇದ್ದಲ್ಲಿಗೆ
ಸಾಸಿವೆಯಷ್ಟು ಅಂಟು ಇಟ್ಟೆ.
"ಹೋಯಿತು," ಅಂದಳು.
ನಂಬಿದೆ.

ಪೊರ್ಬುಗಳು ಬಂದವರು ಕಿವಿಯ ಯಂತ್ರ ತೆಗೆದು
ಅಂಗಿಯ ಕಿಸೆಗೆ ಹಾಕಿಕೊಂಡರು, ಇಗರ್ಜಿಯಲ್ಲಿ ಟೊಪ್ಪಿ ತೆಗೆದ ಹಾಗೆ.
ಪೆಟ್ಟಿಗೆಯ ಬೆನ್ನಿಗೆ ಅಂಗೈ ಒತ್ತಿ
ಕಣ್ಣು ಮುಚ್ಚಿ ಒಂದು ಬದಿ ಪೂರ್ತಿ ಕೇಳಿದರು.
"ಮೇಲಿನ ಸ್ವರ ಬಿಡಿಸಿಕೊಂಡಿದೆ ನೋಡು."
ಹೌದು ಅಂದೆ, ದೊಡ್ಡದಾಗಿ.
"ಗಾಜಿನ ಹಾಗೆ."
ಗಾಜಿನ ಹಾಗೆಯೇ, ಅಂದೆ.

ಬಿಲ್ಲು ಬರೆದೆ. ಫೋಮು, ಕಪಾಸಿಟರು ಹನ್ನೆರಡು,
ಅಂಟು, ನಾರು, ರಿಕ್ಷಾ.
ಕೊನೆಗೆ ಒಂದು ಸಾಲು: ಕಿವಿ, ಐನೂರು.
"ಕಿವಿಯಾ? ಯಾರದ್ದು?"
ತೋರಿಸಿದೆ.
ಅವಳು ಬಾಗಿಲ ಹತ್ತಿರ ಮೆಣಸಿನ ಘಾಟಿಗೆ ಸೀನುತ್ತ
ನನ್ನ ಪಕ್ಕೆಲುಬಿನ ಚೂರುಗಳನ್ನು ಗುಡಿಸುತ್ತಿದ್ದಳು.