ಟೊಮೇಟೊ ಸಾಲಿನಲ್ಲಿ ಹದಿನೇಳು ಕೋಳಿ

ಅಕ್ಟೋಬರಿನ ಕೊನೆಗೆ ಗಿಡ ಕಿತ್ತೆವು.
ಕರಿಕಟ್ಟಿದ ಎಲೆ, ಹಣ್ಣಾಗದೆ ಉಳಿದ ಕಾಯಿ ಒಂದು ಬುಟ್ಟಿ.
ದಾರಗಳು ಮಾತ್ರ ಮೇಲಿನ ತಂತಿಯಿಂದ ಜೋತಾಡುತ್ತಿದ್ದವು,
ಯಾರನ್ನೋ ಹಿಡಿದೆತ್ತಿದ ಅಭ್ಯಾಸ ಬಿಡಲಾರದೆ.
ಅದೇ ಸಂಜೆ ಮಕ್ಸಾತ್
ಕಂಕುಳಿಗೊಂದರಂತೆ ಕೋಳಿ ಅವುಚಿಕೊಂಡು ಬಂದ.
ಒಂಬತ್ತು ಸಲ ಅಂಗಳ ದಾಟಿದ.
ಕೊನೆಯ ಸಲ ಒಂದೇ ಒಂದು, ಹುಂಜ.
ಅದಕ್ಕೆ ಎರಡೂ ಕೈ ಬೇಕಾಯಿತು.

ಅತ್ತೆ ಬುರುಲ್ಚಾ ಹೊಸ್ತಿಲಲ್ಲಿ ನಿಂತು ನೋಡಿದಳು.
"ನಮ್ಮ ಕಾಲದಲ್ಲಿ ಚಳಿಗಾಲದ ಕೋಳಿ
ಸಾರಿನೊಳಗೆ ಬೆಚ್ಚಗಿರುತ್ತಿತ್ತು."

ಆತ್‌ಬಾಶಿಯ ಚಳಿ ಕಾಣದವರಿಗೆ ಹೇಳುವುದು ಕಷ್ಟ.
ಉಗುಳು ನೆಲ ಮುಟ್ಟುವ ಮೊದಲೇ ಕಲ್ಲಾಗುತ್ತದೆ ಅನ್ನುತ್ತಾರೆ.
ಸುಳ್ಳು. ಮುಟ್ಟಿದ ಮೇಲೆಯೇ ಆಗುತ್ತದೆ.
ಆದರೆ ಗೂಡಿನಲ್ಲಿ ಮರೆತ ಮೊಟ್ಟೆ
ಉದ್ದಕ್ಕೆ, ಕೂದಲೆಳೆಯಷ್ಟು, ಸೀಳುವುದು ನಿಜ.
ಒಳಗಿನ ಬಿಳಿ ಗಟ್ಟಿಯಾಗಿ
ಹೊರಗೆ ಬರಲು ದಾರಿ ಹುಡುಕಿರುತ್ತದೆ,
ಮರಿಯ ಹಾಗೆ.

ಮೊದಲ ವರ್ಷ ನಾನು ಪ್ಲಾಸ್ಟಿಕ್ಕಿನ ಒಂದೊಂದು ತೂತನ್ನೂ
ಹುಡುಕಿ ಹುಡುಕಿ ಮುಚ್ಚಿದೆ.
ಗಾಳಿಗೆ ಒಂದು ಸೂಜಿಮೊನೆಯಷ್ಟೂ ಜಾಗ ಕೊಡಲಿಲ್ಲ.
ರಾತ್ರಿ ಹದಿನೇಳು ಉಸಿರು ಮೇಲಕ್ಕೇರಿ
ಹಿಮದ ಹೂವಾಗಿ ಹಾಳೆಗೆ ಅಂಟಿತು,
ಮಧ್ಯಾಹ್ನದ ಬಿಸಿಲಿಗೆ ಕರಗಿ ಅವುಗಳ ಬೆನ್ನಿನ ಮೇಲೇ ಸುರಿಯಿತು.
ಹೊರಗೆ ಮೋಡವಿಲ್ಲ, ಒಳಗೆ ಮಳೆ.
ಕಣ್ಣಿಗೆ ಮೂತ್ರದ ಘಾಟು.
ಜನವರಿಯ ಹೊತ್ತಿಗೆ ಹುಂಜದ ಜುಟ್ಟಿನ ತುದಿಗಳು
ಸುಟ್ಟ ಬತ್ತಿಯಂತೆ ಕಪ್ಪಾದವು.

ಚಳಿಯಲ್ಲ, ತೇವ ಕೊಲ್ಲುವುದು.
ಇದು ಗೊತ್ತಾದ ದಿನ ಕತ್ತರಿ ಹಿಡಿದು ಏಣಿ ಹತ್ತಿದೆ,
ನೆತ್ತಿಯ ಬಳಿ ಅಂಗೈಯಗಲ ಕತ್ತರಿಸಿದೆ.
"ಚಳಿಗೆ ಹೆದರಿ ಮನೆ ಕಟ್ಟಿ
ಚಳಿಗೇ ಕಿಟಕಿ ಇಟ್ಟಳು," ಅಂದಳು ಅತ್ತೆ.
ಆ ತೂತಿನಿಂದ ಹಬೆ ಹೊರಟಿತು,
ಸಣ್ಣಗೆ, ಬೆಳ್ಳಗೆ, ಇಡೀ ಬೆಳಗು.
ಒಳಗೆ ಯಾರೋ ಚಹಾ ಕಾಸುತ್ತಿದ್ದಾರೆ ಅಂದುಕೊಂಡು
ಪಕ್ಕದ ಮನೆಯವರು ಬಂದು ಬಾಗಿಲು ಬಡಿದರು.

ಒಲೆಯೇನೂ ಇರಲಿಲ್ಲ ಅಲ್ಲಿ.
ಮೊಣಕಾಲಾಳದ ಬಾರ್ಲಿ ಹುಲ್ಲು,
ಅದರೊಳಗೆ ನಾಲ್ಕು ತಿಂಗಳ ಹಿಕ್ಕೆ.
ಕವೆಗೋಲಿನಿಂದ ಮಗುಚಿದರೆ ಅಡಿಯಲ್ಲಿ ಬೆಚ್ಚಗೆ,
ಅಂಗೈ ಇಟ್ಟರೆ ತೆಗೆಯಲು ಮನಸ್ಸಾಗದಷ್ಟು.
ಮಗಳು ಐಪೆರಿ ಶಾಲೆಯಿಂದ ಬಂದವಳೇ
ಬೂಟು ಕಳಚಿ ಕಾಲು ಹೂತುಕೊಳ್ಳುತ್ತಿದ್ದಳು.
ಆಮೇಲೆ ಅವಳ ಕಾಲುಚೀಲದ ವಾಸನೆ!
ಅದನ್ನು ಇಲ್ಲಿ ಬರೆಯಲಾರೆ.

ಫೆಬ್ರವರಿಯ ಒಂದು ನಡುರಾತ್ರಿ ಹುಂಜ ಕೂಗಿತು.
ಹಿಮದ ಮೇಲೆ ಹುಣ್ಣಿಮೆ, ಹಾಳೆಯ ತುಂಬ ಬೆಳಕು,
ಪಾಪ, ಅದಕ್ಕೇನು ಗೊತ್ತು.
ಕೋಳಿ ಕೂಗಿಯೂ ಬೆಳಗಾಗದ ಆ ಹೊತ್ತಿನಲ್ಲಿ
ನರಿ ಬಂತೇನೋ ಅಂತ ಓಡಿ ಬಾಗಿಲು ತೆಗೆದೆ.

ಬೋರಲು ಬಕೆಟ್ಟಿನ ಮೇಲೆ ಅತ್ತೆ.
ತೊಡೆಯ ಮೇಲೆ ಕೆಂಪು ಹೇಂಟೆ.
ಬೆರಳ ತುದಿಯಲ್ಲಿ ಕುರಿಬಾಲದ ಕೊಬ್ಬು ತೆಗೆದು
ಜುಟ್ಟಿಗೆ ಸವರುತ್ತಿದ್ದಾಳೆ,
ಮದುವಣಗಿತ್ತಿಗೆ ಎಣ್ಣೆ ಹಚ್ಚುವವರಷ್ಟು ನಿಧಾನವಾಗಿ.
ನನ್ನನ್ನು ಕಂಡು ಕೈ ನಿಲ್ಲಿಸಲಿಲ್ಲ.
"ಬಾಗಿಲು ಹಾಕು," ಅಂದಳು. "ಚಳಿ ಬರುತ್ತೆ."
ನೆತ್ತಿಯ ತೂತಿನಲ್ಲಿ ಒಂದು ನಕ್ಷತ್ರವಿತ್ತು.
ನಾನು ಏನೂ ಹೇಳಲಿಲ್ಲ.
ಎಷ್ಟು ದಿನದಿಂದ ಅಂತಲೂ ಕೇಳಲಿಲ್ಲ.
ಕೊಬ್ಬಿನ ಡಬ್ಬಿ ಅರ್ಧ ಖಾಲಿಯಾಗಿತ್ತು.

ಮೇ ತಿಂಗಳಲ್ಲಿ ಕೋಳಿಗಳನ್ನು ಹೊರಗೆ ಅಟ್ಟಿದೆವು.
ಆ ನೆಲದಲ್ಲಿ ಬೆರಳು ಊರಿ ಗುಳಿ ಮಾಡಿ
ಎಳೆ ಸಸಿ ನೆಟ್ಟೆವು, ನಲವತ್ತು.
ಬಳ್ಳಿ ಈಗ ಹಳೆಯ ದಾರ ಹಿಡಿದು ಏರುತ್ತಿದೆ,
ಸಿಕ್ಕಿಕೊಂಡ ಕೆಂಪು ಗರಿಯೊಂದನ್ನು ಬಳಸಿಕೊಂಡು.
ಕೆಂಪು ಹೇಂಟೆ ದಿನವೂ ಬಂದು
ಹೊರಗಿನಿಂದ ಹಾಳೆಯನ್ನು ಕುಕ್ಕುತ್ತದೆ,
ಟಕ್, ಟಕ್,
ತನ್ನ ಮನೆಯಲ್ಲಿ ಬಾಡಿಗೆಗೆ ಬಂದವರನ್ನು
ವಿಚಾರಿಸಿಕೊಳ್ಳುವ ಹಾಗೆ.