ಪಿಗ್ಮಿ ಪುಸ್ತಕದ ಕೊನೆಯ ಹಾಳೆ

ಜಮೆ ಬರೆಯುವ ಪುಸ್ತಕದ ಕೊನೆಯ ಹಾಳೆಯಲ್ಲಿ
ನನ್ನದೊಂದು ಖಾಸಗಿ ಲೆಕ್ಕ:
ಲೀಟರಿಗೆ ಎಷ್ಟು ಕೊಟ್ಟಿತು ಬೈಕು.

ರಿಪ್ಪನ್‌ಪೇಟೆಯಿಂದ ಹೊಸನಗರ, ಒಬ್ಬನೇ: ಐವತ್ತೆಂಟು.
ಹಿಂದೆ ಭಾವ ಕೂತರೆ ಐವತ್ತೊಂದು,
ಅವನ ಮಾತಿನ ಭಾರವೂ ಸೇರಿ.
ಹುಲಿಕಲ್ ಘಾಟಿ ಹತ್ತುವಾಗ ನಲವತ್ನಾಲ್ಕು;
ಇಳಿಯುವಾಗಿನದನ್ನು ಬರೆಯುವುದಿಲ್ಲ,
ಅದು ಬೈಕಿನ ದುಡಿಮೆಯಲ್ಲ.
ಎದುರುಗಾಳಿಗೆ ರೈನ್‌ಕೋಟು ಉಬ್ಬಿ ಹಿಂದಕ್ಕೆಳೆದ ವಾರ
ಅಂಕಿಯ ಮೇಲೆ ನೀರು ಬಿದ್ದು ಶಾಯಿ ಹರಡಿದೆ.
ಓದಲಾಗದ್ದೇ ವಾಸಿ.

ಡುಮಿಂಗಣ್ಣ ಪ್ಲಗ್ಗು ಬಿಚ್ಚಿ ಬೆಳಕಿಗೆ ಹಿಡಿದ. ಮಸಿ.
"ಕ್ಲಚ್ಚಿನ ಮೇಲೆ ಬೆರಳಿಟ್ಟೇ ಓಡಿಸ್ತೀಯಲ್ಲ ಮಾರಾಯ,
ಸರ್ವೀಸು ಬೈಕಿಗಲ್ಲ, ನಿಂಗೆ ಆಗ್ಬೇಕು."
ಚೈನು ಬಿಗಿದ, ಟೈರಿಗೆ ಗಾಳಿ ತುಂಬಿದ.
ಎರಡು ಏರಿತು. ಹದಿನೈದು ದಿನಕ್ಕೆ ಇಳಿಯಿತು.

ಆಮೇಲೆ ಆ ಮಂಗಳವಾರ.
ಕತ್ತಲಾದ ಮೇಲೆ, ನಗರದ ನಾಗವೇಣಕ್ಕ
ಬಾಯಿಗೆ ಜಾಲರಿ ಬಡಿದ ಜೇನುಪೆಟ್ಟಿಗೆಯೊಂದನ್ನು
ಸೀಟಿಗೆ ಬಿಗಿದು, "ತಂಗಿ ಮನೆಗೆ ಕೊಟ್ಬಿಡು" ಅಂದರು.
ಟ್ಯಾಂಕು ಆಗಷ್ಟೇ ತುಂಬಿಸಿದ್ದೆ.

ಉಸಿರು ಹಿಡಿದು ಗೇರು ಬದಲಿಸಿದೆ.
ತಿರುವು ಇನ್ನೂ ದೂರವಿರುವಾಗಲೇ ಕೈ ಸಡಿಲಿಸಿದೆ,
ಬ್ರೇಕು ಬೇಕಾಗಲಿಲ್ಲ.
ಲಾರಿಯವನು ಹಾರ್ನು ಬಡಿದ, ಹೋಗಪ್ಪ ಅಂದೆ.
ಮುಳ್ಳು ನಲವತ್ತು ದಾಟಲಿಲ್ಲ.
ಬೆನ್ನ ಹಿಂದೆ ಇನ್ನೊಂದು ಎಂಜಿನ್ನು,
ಪೆಟ್ರೋಲು ಕೇಳದ್ದು, ಗುಂಯ್ ಅನ್ನುತ್ತಲೇ ಇತ್ತು.

ಬೆಳಿಗ್ಗೆ ಮತ್ತೆ ತುಂಬಿಸಿ ಭಾಗಿಸಿದೆ: ಅರವತ್ತೇಳು.
ತಪ್ಪಿರಬೇಕೆಂದು ಇನ್ನೊಮ್ಮೆ ಭಾಗಿಸಿದೆ.

ಈಗಲೂ ಒಮ್ಮೊಮ್ಮೆ
ಖಾಲಿ ಸೀಟಿಗೆ ಆ ಹಗ್ಗವನ್ನೇ ಬಿಗಿದು ಹೊರಡುತ್ತೇನೆ.
ಬಟ್ಟೆಮಲ್ಲಪ್ಪ ದಾಟುವಷ್ಟರಲ್ಲಿ ಕೈಗೆ ಗೊತ್ತಾಗಿಬಿಡುತ್ತದೆ,
ಹಿಂದೆ ಕುಟುಕುವವರು ಯಾರೂ ಇಲ್ಲ.
ಐವತ್ತೆಂಟು.